ಲಕ್ಷ್ಮೀನರಸಮ್ಮನ ಸ್ನಾನದ ಪುಡಿ

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಪಕ್ಕದ ಮನೆ ಲಕ್ಷ್ಮೀನರಸಮ್ಮನಿಗೆ ಆ ಗಾದೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಗಳು ಆಂಜಿನಮ್ಮ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಕೆಲಸ ಮುಗಿಸಿ ಬಂದರೆ ಬಾಗಿಲಲ್ಲೇ ತಡೆದು, "ಅಲ್ಲೇ ನಿಂತ್ಕೊಳ್ಳೇ, ಹುಳದ ನಾತ ಒಳಕ್ಕೆ ತರಬೇಡ" ಅನ್ನುವಳು. ಆ ನಾತದ ಸಂಬಳದಲ್ಲೇ ಅವರ ಮನೆ ಒಲೆ ಉರಿಯುತ್ತಿತ್ತು.

ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರ ಕೈ ನೋಡಿದವರಿಗೆ ಗೊತ್ತು. ಹನ್ನೆರಡನೇ ವಯಸ್ಸಿನಿಂದ ಆ ಹುಡುಗಿ ಗೂಡು ಬೇಯುವ ಬಿಸಿನೀರಿಗೆ ಬೆರಳದ್ದಿ ಎಳೆ ಹುಡುಕುತ್ತಿದ್ದಳು. ಚರ್ಮ ಸುಲಿದು, ಬಲಿತು, ಮತ್ತೆ ಸುಲಿಯುತ್ತಿತ್ತು. ಹೆಣ್ಣು ನೋಡಲು ಬಂದ ಎರಡು ಕಡೆಯವರು ಉಪ್ಪಿಟ್ಟು ತಿಂದು, ಮೂಗು ಮುಚ್ಚಿಕೊಂಡು ಎದ್ದು ಹೋಗಿದ್ದರು. ಅವಳಿಗಿದ್ದುದು ಒಂದೇ ಆಸೆ, ನೂಲು ತೆಗೆಯದ ಮನೆ ಸೇರಬೇಕು. "ಸಗಣಿ ಬಾಚೋ ಮನೆಯಾದ್ರೂ ಸರಿ ಕಣಕ್ಕ" ಅಂತ ನನ್ನ ಹತ್ತಿರ ಹೇಳಿದ್ದಳು.

ಎಂಬತ್ತೇಳನೇ ಇಸವಿಯಲ್ಲಿ ಚಿಂತಾಮಣಿಯ ಸಂಬಂಧ ಬಂತು. ಸಂಬಂಧ ತಂದ ದಲ್ಲಾಳಿ ನಲ್ಲಪ್ಪ "ಸ್ವಂತ ಮನೆ, ಸ್ವಂತ ಕಸುಬು" ಅಂದ. ಯಾವ ಕಸುಬು ಅಂತ ಲಕ್ಷ್ಮೀನರಸಮ್ಮ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ತಿಂಗಳು ಮಗಳನ್ನು ಕೆಲಸ ಬಿಡಿಸಿ ಅವಳು ಸ್ನಾನದ ಪುಡಿ ಮಾಡಲು ಕೂತಳು.

ಪುಡಿಯಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಹೆಸರುಕಾಳು, ಕಡಲೆಬೇಳೆ, ಕಚ್ಚೂರ, ಕಸ್ತೂರಿ ಅರಿಶಿನ, ಕಿತ್ತಳೆ ಸಿಪ್ಪೆ. ಒಂದೊಂದನ್ನೂ ಬೇರೆಯಾಗಿ ಒಣಗಿಸಿ, ಕುಟ್ಟಿ, ಹಳೇ ಪಂಚೆಯಲ್ಲಿ ಸೋಸುವಳು. ಒನಕೆ ಹಿಡಿದವಳು ನಾನು. ಸೀಗೆಕಾಯಿ ಒಂದು ಹಿಡಿ ಹೆಚ್ಚೇ ಹಾಕಿದಳು, ಉರಿದರೇ ನಾತ ಹೋಗುವುದಂತೆ. ದಿನಾ ಎರಡು ಹೊತ್ತು ಮಗಳ ಒಡೆದ ಬೆರಳುಗಳನ್ನು ತಳ ಸೀದ ಪಾತ್ರೆ ಉಜ್ಜುವಂತೆ ಉಜ್ಜಿ, ಮೇಲೆ ಹಾಲಿನ ಕೆನೆ ಸವರುವಳು. ಆಂಜಿನಮ್ಮ ದಾವಣಿ ಚುಂಗು ಕಚ್ಚಿಕೊಂಡು ಅಳುತ್ತಿದ್ದಳು. ಆದರೂ ಮಾರನೇ ದಿನ ತಾನೇ ಕೈ ಚಾಚುತ್ತಿದ್ದಳು, ಪಾಪ.

ನಾತ ಹೋಯಿತು. ಗಂಡಿನ ತಾಯಿ ಅಕ್ಕಯ್ಯಮ್ಮ ಬಂದ ದಿನ ಲಕ್ಷ್ಮೀನರಸಮ್ಮ, "ನಮ್ಮುಡ್ಗಿ ಬಿಸಿನೀರು ಕಂಡೋಳೇ ಅಲ್ಲ" ಅಂತ ಕಣ್ಣು ಮಿಟುಕಿಸದೆ ಬುರುಡೆ ಬಿಟ್ಟಳು. ಆಯಮ್ಮ ಹುಡುಗಿಯ ಕೈ ಎಳೆದುಕೊಂಡು, ಎಲೆಅಡಿಕೆ ಚೀಲದಿಂದ ಒಂದೆಳೆ ಹಸಿ ರೇಷ್ಮೆ ತೆಗೆದು ಬೆರಳುಗಳ ಮೇಲೆ ಹರಿಸಿದಳು. ಎಳೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಮನೇಲಿ ನೂಲು ತೆಗ್ಯೋ ಬೇಸಿನ್ನು ಆರು ಐತಮ್ಮ. ಒರಟು ಕೈಯೋರು ಬರೀ ಎಳೆ ಕೀಳ್ತಾರೆ. ಇಂಥ ಕೈ ಹುಡುಕ್ಕೊಂಡು ಮೂರು ತಾಲೂಕು ಸುತ್ತಿದ್ದೀನಿ" ಅಂದಳು.

ಆಂಜಿನಮ್ಮನ ಮುಖ ಬಿಳಿಚಿಕೊಂಡಿತು. "ಅಮ್ಮ, ನಾನೊಲ್ಲೆ" ಅಂದಳು, ಎಲ್ಲರಿಗೂ ಕೇಳುವ ಹಾಗೆ.

ಲಕ್ಷ್ಮೀನರಸಮ್ಮ ನಕ್ಕಳು. "ನಾಚ್ಕೆ ಕಣಮ್ಮ ಅದ್ಕೆ" ಅಂದು, ತಾಂಬೂಲದ ತಟ್ಟೆ ಕೊಡು ಅಂತ ನನಗೆ ಸನ್ನೆ ಮಾಡಿದಳು. ನನ್ನ ಬಾಯಿಗೇನು ರೋಗ ಬಂದಿತ್ತೋ, ತಟ್ಟೆ ಕೊಟ್ಟೆ.

ಮದುವೆಯಾದ ವರ್ಷ ದೀಪಾವಳಿಗೆ ಆಂಜಿನಮ್ಮ ಬಂದಳು. ಬೆರಳೆಲ್ಲ ಮತ್ತೆ ಒಡೆದು ಮರದ ತೊಗಟೆಯಾಗಿದ್ದವು. ಎಣ್ಣೆನೀರಿಗೆ ಕೂರಿಸಿ ತಾಯಿ ಪುಡಿ ಕಲಸಿದರೆ, ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡಳು.

"ಬೇಡಮ್ಮ, ಹಿಂಗೇ ಬಿಡು. ಈಗ ಎಳೆ ಸಿಕ್ಕೊಂಡು ಕಿತ್ತೋಗ್ತಾವೆ. ಇನ್ನೊಂದು ತಿಂಗಳು ಹಿಂಗಿದ್ರೆ ಬೇಸಿನ್ನಿಂದ ಎಬ್ಬಿಸ್ತೀನಿ ಅಂದವ್ಳೆ ಅತ್ತೆ."

"ಎಬ್ಬಿಸಿ ಎಲ್ಲಿಗೆ ಕಳಿಸ್ತಾಳೆ ಗೊತ್ತೇನೇ? ಇಲ್ಲಿಗೆ!"

ಲಕ್ಷ್ಮೀನರಸಮ್ಮ ಆ ಕೈಗಳನ್ನು ಎಳೆದು ಮೊಣಕಾಲ ಸಂದಿಯಲ್ಲಿ ಇರುಕಿಸಿಕೊಂಡು ಉಜ್ಜತೊಡಗಿದಳು. ಈ ಸಲ ಹುಡುಗಿ ಅಳಲಿಲ್ಲ. ಹದಿನೈದು ದಿನ ಇಟ್ಟುಕೊಂಡು, ಬೆರಳು ನುಣ್ಣಗಾದ ಮೇಲೆ, ತಾಯಿಯೇ ಅವಳನ್ನು ಚಿಂತಾಮಣಿ ಬಸ್ಸು ಹತ್ತಿಸಿ ಬಂದಳು.