ಮೋಟರ್ ಲಿಂಗಯ್ಯನೂ ಮಗಳ ಮನೆಯ ಎ.ಸಿ.ಯೂ

ಹನಕೆರೆಯ ಮೋಟರ್ ಲಿಂಗಯ್ಯನವರಿಗೆ ಸಿಟ್ಟು ಬರಲು ಕಾರಣವೇನೂ ಬೇಕಿರಲಿಲ್ಲ. ಆ ಬುಧವಾರ ಬೆಳಿಗ್ಗೆ ಕಾರಣವೂ ಸಿಕ್ಕಿಬಿಟ್ಟಿತು. ಮದ್ದೂರಿನಲ್ಲಿರುವ ಮಗಳು ರೂಪ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ, ಮನೆಯ ಎ.ಸಿ. ಸೋರುತ್ತಿದೆಯೆಂದೂ ಅದಕ್ಕೊಂದು ಸ್ವಿಚ್ಚು ಹಾಕಲು ಮಂಡ್ಯದಿಂದ ಮುಕರ್ರಂ ಎನ್ನುವವರು ಮಧ್ಯಾಹ್ನ ಬರುತ್ತಾರೆಂದೂ ಬಾಯಿ ತಪ್ಪಿ ಹೇಳಿದಳು.

"ಎಷ್ಟು ವೈರಿನ ಸ್ವಿಚ್ಚವ್ವ ಅದು?"

"ಎರಡೇ ಅಪ್ಪ."

"ಎರಡು ವೈರು ಕೂಡ್ಸಾಕೆ ಮಂಡ್ಯದಿಂದ ಆಳು ಬತ್ತಾನೆ. ನಿಮ್ಮಪ್ಪ ಬದುಕವ್ನೋ ಇಲ್ವೋ ಅಂತ ಯಾರೂ ಕೇಳ್ನಿಲ್ವಾ?"

ಉತ್ತರಕ್ಕೆ ಕಾಯದೆ ಫೋನಿಟ್ಟರು. ಹಿತ್ತಲಿಗೆ ಹೋಗಿ ಸಾಮಾನಿನ ಚೀಲ ಕೊಡವಿದರು. ಒಲೆಯ ಮುಂದಿದ್ದ ಹೆಂಡತಿ ಮಂಚಮ್ಮ, "ಕರ್ದವ್ರಾ?" ಎಂದು ಕೇಳಿದರು. "ಮಗಳ ಮನೆಗೆ ಕರ್ದ್ರೇ ಓಗ್ಬೇಕಾ?" ಎಂದು ಲಿಂಗಯ್ಯ ಗುಡುಗಿದರು. ಕರೆದಿಲ್ಲವೆಂದು ಮಂಚಮ್ಮನಿಗೆ ಅರ್ಥವಾಯಿತು.

ಲಿಂಗಯ್ಯ ಸಾಮಾನ್ಯರೇನಲ್ಲ. ಹನಕೆರೆಯಿಂದ ಬೆಳಕವಾಡಿಯವರೆಗೆ ತಮ್ಮ ಕೈ ಮುಟ್ಟದ ಪಂಪ್‌ಸೆಟ್ಟಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಕೇಳಿದವರು ಅಲ್ಲಗಳೆಯುತ್ತಿರಲಿಲ್ಲ, ನಾಳೆ ಮೋಟರು ಸುಟ್ಟರೆ ಬರಬೇಕಾದವರು ಅವರೇ ತಾನೇ. ಮೀಸೆ ಮೂಡುವ ಮುಂಚೆಯೇ ಮದ್ದೂರಿನ ನಯಾಜ್ ಪಾಷಾ ಅವರ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಲು ಕೂತವರು. ಅಲ್ಲಿ ಕಲಿತ ವೇದವಾಕ್ಯ ಒಂದೇ: ನೀರಿದ್ದರೆ ಓಡಬೇಕು, ನೀರಿಲ್ಲದಿದ್ದರೆ ನಿಲ್ಲಬೇಕು. ಬಾವಿ ಬತ್ತಿದ ಮೇಲೂ ಓಡಿದ ಮೋಟರು ಸುಟ್ಟು ಕರಕಲಾಗುತ್ತದೆ. ಆದ್ದರಿಂದ ನೀರು ಇಳಿದೊಡನೆ ಮೋಟರು ತಾನಾಗಿ ನಿಲ್ಲುವಂತೆ ಬಾವಿಗೆ, ತೊಟ್ಟಿಗೆ ತೇಲುವ ಸ್ವಿಚ್ಚು ಕಟ್ಟುವುದರಲ್ಲಿ ಲಿಂಗಯ್ಯನವರದು ಎತ್ತಿದ ಕೈ. ಕಣ್ಣು ಮುಚ್ಚಿಕೊಂಡು ಕಟ್ಟುತ್ತೇನೆ ಎನ್ನುತ್ತಿದ್ದರು. ಒಂದೊಂದು ಸಲ ಹಾಗೆಯೇ ಕಟ್ಟುತ್ತಿದ್ದರು ಕೂಡ.

ಇಂಥವರ ಮಗಳ ಮನೆಯಲ್ಲಿ ಅವರ ಕೈಯ ಒಂದು ಗೇಣು ವೈರೂ ಇರಲಿಲ್ಲ. ಭಾರತೀನಗರದ ಕಾಲೇಜಿನಲ್ಲಿ ಪಾಠ ಹೇಳುವ ಅಳಿಯ ಸ್ವರೂಪ್, ಮನೆ ಕಟ್ಟಿಸುವಾಗ ವೈರಿಂಗನ್ನೆಲ್ಲ ಲ್ಯಾಪ್‌ಟಾಪ್ ಹಿಡಿದು ಬಂದ ಕಂಟ್ರಾಕ್ಟರನಿಗೆ ವಹಿಸಿದ್ದ. ಗೃಹಪ್ರವೇಶದ ದಿನ ಮೊದಲ ದೀಪದ ಸ್ವಿಚ್ಚಿಗೆ ಅರಿಸಿನ ಕುಂಕುಮ ಹಚ್ಚಿ, "ನೀವೇ ಒತ್ತಿ ಮಾವ" ಎಂದು ಗೌರವವನ್ನೇನೋ ಕೊಟ್ಟಿದ್ದ. "ಒತ್ತಾಕೆ ಯಾವನಾದ್ರೂ ಮಿನಿಸ್ಟ್ರುನ ಕರ್ಸು" ಎಂದು ಮಾವನವರು ಊಟದ ಪಂಕ್ತಿಗೆ ಹೊರಟುಹೋಗಿದ್ದರು.

ಈಗ ಮಹಡಿಯ ಮೇಲೆ ಒಂದು ರೂಮು ಕಟ್ಟಿಸುವ ಮಾತು ನಡೆದಿತ್ತು. ಆ ರೂಮಿನ ವೈರಿಂಗಾದರೂ ತಮ್ಮ ಕೈಯಲ್ಲಿ ಆಗಬೇಕು ಎಂದು ಲಿಂಗಯ್ಯನವರಿಗೆ ಒಳಗೊಳಗೇ ಆಸೆ. ಬಾಯಿ ಬಿಟ್ಟು ಕೇಳಿರಲಿಲ್ಲ. ಕೇಳಿದರೆ ಕೇಳಿದಂತಾಗುತ್ತದಲ್ಲ.

ಲಿಂಗಯ್ಯ ಮದ್ದೂರಿನ ಮನೆಗೆ ಕಾಲಿಟ್ಟಾಗ ಹಾಲಿನಲ್ಲಿ ರೂಪಳ ಅತ್ತೆ ಶಿವನಂಜಮ್ಮ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮಳವಳ್ಳಿಯಿಂದ ಬಂದು ವಾರವಾಗಿತ್ತು. ಎ.ಸಿ. ಇರುವುದು ಕಣ್ಣಿಗೆ ಕಾಣುವಂತಿರಲಿಲ್ಲ. ಯಂತ್ರ ಫಾಲ್ಸ್ ಸೀಲಿಂಗಿನ ಮೇಲೆ ಅಡಗಿತ್ತು, ಸೀಲಿಂಗಿನಲ್ಲಿ ಹಳದಿ ಕಲೆಯೊಂದು ಮಾತ್ರ ಎದ್ದು ಕಾಣುತ್ತಿತ್ತು.

"ಬನ್ನಿ ಬೀಗ್ರೆ. ನೀವೂ ಸೋರೋದ ನೋಡಾಕ್ ಬಂದ್ರಾ?" ಎಂದರು ಶಿವನಂಜಮ್ಮ. "ಭಾನ್ವಾರ ಬಾಡೂಟ ಮಾಡಿದ್ಲು ನಿಮ್ಮ ಮಗಳು. ಮುದ್ದೆ ಮುರ್ದು ಸಾರಿಗದ್ದುತೀನಿ, ಮ್ಯಾಲಿಂದ ತೊಟ್ ತೊಟ್ ಅಂತ ನನ್ ತಟ್ಟೆಗೇ ನೀರು. ಸಾರು ಗಟ್ಟಿಯಾಗದೆ ಅಂತ ನಾನೇನ್ ಅಂದಿರ್ನಿಲ್ಲ ಕಣಪ್ಪ."

"ಅತ್ತೆ, ಅದನ್ನ ಬೀದಿಗೆಲ್ಲ ಹೇಳಿ ಆಯ್ತು. ಬಿಡಿ ಇನ್ನ" ಎಂದು ರೂಪ ಅಡಿಗೆಮನೆಯಿಂದ ಬಂದಳು. ಅಪ್ಪನ ಕೈಯಲ್ಲಿದ್ದ ಚೀಲ ಕಂಡು ಅವಳ ಮುಖ ಚಿಕ್ಕದಾಯಿತು. "ಅಪ್ಪ, ಮುಕರ್ರಂ ಬರ್ತಾರೆ ಅಂದೆನಲ್ಲ. ನೀರು ಹೊರಗೆ ಹೋಗೋ ಪೈಪಲ್ಲಿ ಪಾಚಿ ಕಟ್ಟಿತ್ತು, ನೆನ್ನೆನೇ ಬಂದು ತೆಗೆದ್ರು. ಮತ್ತೆ ಸೋರಿದ್ರೆ ಇರ್ಲಿ ಅಂತ ಯಂತ್ರದ ಕೆಳಗೆ ಇನ್ನೊಂದು ತಟ್ಟೆ ಇಟ್ಟವ್ರೆ. ಸ್ವಿಚ್ಚು ಒಂದೇ ಬಾಕಿ."

"ಎಲ್ಲೈತೆ ಆ ಸ್ವಿಚ್ಚು?"

ರೂಪ ಮನಸ್ಸಿಲ್ಲದ ಮನಸ್ಸಿನಿಂದ ಚಿಕ್ಕ ಡಬ್ಬಿ ತಂದಳು. ಒಳಗೆ ಹೆಬ್ಬೆರಳುದ್ದದ ಒಂದು ಪ್ಲಾಸ್ಟಿಕ್ ಕಡ್ಡಿ, ಕಡ್ಡಿಯ ಮೇಲೆ ಏರಿಳಿಯುವ ಬಿಳಿ ಬುರುಡೆ, ಹಿಂದೆ ಎರಡು ಸಣ್ಣ ವೈರು. ಲಿಂಗಯ್ಯ ಅದನ್ನು ಅಂಗೈಯಲ್ಲಿಟ್ಟು ನೋಡಿದರು. ಸಿಟ್ಟಿನ ನಡುವೆಯೂ ನಗು ಬಂತು.

"ಇದು ತೇಲೋ ಸ್ವಿಚ್ಚು ಕಣವ್ವ. ಇದಕ್ಕೆ ಮಂಡ್ಯದೋನು ಬೇಕಾ? ನಾನು ಕಟ್ಟಿರೋ ತೇಲೋ ಸ್ವಿಚ್ಚೆಲ್ಲಾ ಸಾಲಾಗಿ ಇಟ್ರೆ ಮಳವಳ್ಳಿ ಮುಟ್ಟುತ್ತೆ."

"ಅಲ್ಲ ಅಪ್ಪ, ಅವ್ರು ಹೇಳಿದ್ರು, ತಟ್ಟೇಲಿ ನೀರು ತುಂಬಿದ್ರೆ..."

"ನೀರಿನ ಸ್ವಿಚ್ಚು ನನಗೇ ಹೇಳ್ಕೊಡ್ತೀಯಾ?"

ಅಪ್ಪನ ಸಿಟ್ಟು ರೂಪಳಿಗೆ ಹೊಸದಲ್ಲ; ಆದರೆ ಆ ಸಿಟ್ಟಿನ ಕೆಳಗೆ ಏನಿದೆಯೆಂಬುದು ಗೃಹಪ್ರವೇಶದ ದಿನದಿಂದಲೂ ಅವಳಿಗೆ ಗೊತ್ತಿತ್ತು. "ಸರಿ, ನೀನೇ ಹಾಕು" ಎಂದಳು. "ನೇರವಾಗಿ ಹೇಳ್ಬಿಡ್ತೀನಿ ಅಪ್ಪ. ಮಹಡಿ ರೂಮಿನ ವೈರಿಂಗು ನಿನಗೇ ಕೊಡೋಣ ಅಂತ ಇವರ ಹತ್ರ ಜಗಳ ಆಡ್ತಿದ್ದೀನಿ. ಇದು ಸರಿಹೋದ್ರೆ ನನ್ನ ಮಾತು ಗೆಲ್ತದೆ. ಕೆಟ್ರೆ ನಾನು ಬಾಯಿ ತೆಗೆಯೋ ಹಂಗಿಲ್ಲ."

"ಕೆಡಾದಾ?" ಎಂದರು ಲಿಂಗಯ್ಯ, ಕೆಡುವುದೆಂಬ ಪದವನ್ನು ಅದೇ ಮೊದಲು ಕೇಳಿದವರಂತೆ.

ಕೆಲಸಕ್ಕೆ ನಿಂತರೆ ಲಿಂಗಯ್ಯನವರ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಮೊದಲು ಮೇನ್ ಆಫ್ ಮಾಡಿದರು. ಏಣಿ ಹಾಕಿ ಸೀಲಿಂಗಿನ ಬಾಗಿಲು ತೆರೆದು ಕತ್ತು ಒಳಗಿಟ್ಟರು. ಗೋಡೆಯ ಮೇಲಿನ ಗುಂಡಿಯಿಂದ ಯಂತ್ರಕ್ಕೆ 'ಓಡು' ಎಂದು ಹೇಳುವ ಸಣ್ಣ ವೈರನ್ನು ಪತ್ತೆ ಹಚ್ಚಿದರು. ಅದನ್ನು ಕತ್ತರಿಸಿ ನಡುವೆ ಸ್ವಿಚ್ಚು ಸೇರಿಸಬೇಕು. ಸ್ವಿಚ್ಚು ಬಿಟ್ಟುಕೊಂಡರೆ ಅಪ್ಪಣೆ ತಲುಪುವುದಿಲ್ಲ, ಯಂತ್ರ ಓಡುವುದಿಲ್ಲ. ಅದೆಲ್ಲ ಸರಿಯೇ. ಕೂಡಿಸುವ ಮುಂಚೆ ಸ್ವಿಚ್ಚಿಗೆ ಮೀಟರು ಹಿಡಿದು ನೋಡಿದರು. ಬುರುಡೆ ಕೆಳಗಿದ್ದಾಗ, ಒಳಗೆ ವೈರು ಕೂಡಿದೆ ಎನ್ನುವಂತೆ ಮೀಟರು ಕುಯ್ ಎಂದಿತು. ಮೇಲೆತ್ತಿದರೆ ಸುಮ್ಮನಾಯಿತು.

ಲಿಂಗಯ್ಯನವರಿಗೆ ನಖಶಿಖಾಂತ ಉರಿಯಿತು.

"ನೋಡವ್ವ, ನೋಡು. ಉಲ್ಟಾ ಮಾಡವ್ರೆ ಕಂಪ್ನಿಯೋರು. ನೀರು ಕೆಳೀಕೆ ಇಳ್ದಾಗ ಓಡ್ತದೆ, ನೀರು ಬಂದಾಗ ನಿಂತ್ಕೋತದೆ. ಇಂಥದ್ನ ಬಾವಿಗೆ ಕಟ್ಟಿದ್ರೆ ರೈತ ಮೋಟರು ಸುಟ್ಕೊಂಡು ಬೀದಿಗೆ ಬತ್ತಾನೆ. ಓದಿರೋ ನನ್ ಮಕ್ಳು, ನೀರು ಕಂಡವ್ರಲ್ಲ."

ಕಡ್ಡಿಯ ತುದಿಯಲ್ಲಿದ್ದ ಪುಟ್ಟ ಕ್ಲಿಪ್ಪನ್ನು ಉಗುರಿನಲ್ಲಿ ಎಬ್ಬಿಸಿ, ಬುರುಡೆಯನ್ನು ಹೊರತೆಗೆದು, ತಲೆಕೆಳಗು ಮಾಡಿ ಮತ್ತೆ ತೂರಿಸಿದರು. ಈಗ ಬುರುಡೆ ಮೇಲಿದ್ದರೆ ಕುಯ್, ಕೆಳಗಿದ್ದರೆ ಮೌನ. ಕಂಪನಿಯ ತಪ್ಪನ್ನು ಕೈಯಾರೆ ತಿದ್ದಿದ ತೃಪ್ತಿಯಲ್ಲಿ ಸ್ವಿಚ್ಚನ್ನು ತಟ್ಟೆಯ ಅಂಚಿಗೆ ಬಿಗಿದರು. ವೈರು ಸುಲಿದು, ತಿರುಚಿ, ಟೇಪು ಸುತ್ತಿ, ಎಳೆದು ನೋಡಿ ಇಳಿದರು. ಮೇನ್ ಹಾಕಿ, ಗೋಡೆಯ ಗುಂಡಿ ಒತ್ತಿದರು.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದರು. ಶಿವನಂಜಮ್ಮ ಹುಣಸೆಬೀಜವೊಂದನ್ನು ಬಟ್ಟಲಿಗೆ ಟಿಣ್ ಎಂದು ಹಾಕಿದರು. "ಸೋರಾದಂತೂ ನಿಂತದೆ ಬೀಗ್ರೆ" ಎಂದರು.

"ಇರಕ್ಕ, ಇರು. ತಟ್ಟೆ ಒಣಗೈತಲ್ಲ, ಅದ್ಕೆ. ರೂಪ, ಒಂದು ಚೊಂಬು ನೀರು ತಾರವ್ವ."

ರೂಪ ತಂದುಕೊಟ್ಟಳು. ಲಿಂಗಯ್ಯ ಏಣಿ ಹತ್ತಿ ನೀರನ್ನು ತಟ್ಟೆಗೆ ಸುರಿದರು. ಬುರುಡೆ ತೇಲಿ ಮೇಲೆದ್ದಿತು. ಸ್ವಲ್ಪ ಹೊತ್ತಿಗೆ ಯಂತ್ರ ಗೊರ್ ಎಂದು ಎದ್ದು ಹಾಲಿಗೆಲ್ಲ ತಣ್ಣನೆಯ ಗಾಳಿ ಬೀಸಿತು. ಏಣಿಯ ಮೇಲೆ ನಿಂತೇ ಲಿಂಗಯ್ಯ ಕೆಳಗಿದ್ದ ಇಬ್ಬರನ್ನೂ ಸಾವಿರ ಜನರ ಸಭೆಯಂತೆ ನೋಡಿದರು.

"ಯಾವ ಮೆಷಿನ್ನೇ ಆಗ್ಲಿ, ನೀರಿದ್ರೆ ಓಡ್ಬೇಕು. ಓಡ್ತಾ ಅದೆ. ಆ ಮಂಡ್ಯದೋನಿಗೆ ಬರಬ್ಯಾಡ ಅನ್ನು."

"ಹಂಗಾದ್ರೆ ದಿನಾ ಹಾಕೋ ಮುಂಚೆ ಒಂದು ಚೊಂಬು ನೀರು ಹುಯ್ಬೇಕಾ ಅಪ್ಪ?" ಎಂದಳು ರೂಪ ಮೆಲ್ಲಗೆ.

"ಎಮ್ಮೆಗೆ ಹಿಂಡಿ ಇಕ್ಕಿ ಹಾಲು ಕರೆಯಾದಿಲ್ವಾ, ಹಂಗೆ" ಎಂದು ಅವಳತ್ತೆ ಸಮಾಧಾನ ಹೇಳಿದರು. ಆಮೇಲೆ ಹುಣಸೆಹಣ್ಣು ಕೆಳಗಿಟ್ಟು, ಸೀಲಿಂಗಿನ ಹಳದಿ ಕಲೆಯನ್ನೇ ನೋಡುತ್ತಾ, "ಬೀಗ್ರೆ, ನಾನು ಓದ್ದೋಳಲ್ಲ. ಒಂದು ಕೇಳ್ತೀನಿ. ನೀರಿದ್ರೆ ಇದು ಓಡ್ತದೆ. ಓಡಿದ್ರೆ ನೀರು ಬುಡ್ತದೆ. ನೀರು ಬುಟ್ರೆ ಮತ್ತೆ ಓಡ್ತದೆ. ನಿಲ್ಲಾದು ಯಾವಾಗ?" ಎಂದರು.

"ನೀರು ಖಾಲಿಯಾದಾಗ."

"ತಟ್ಟೇಲಿರೋದ ಖಾಲಿ ಮಾಡೋರ್ಯಾರು? ನಾನು ಮುದ್ದೆ ಉಣ್ಣಾಕ್ ಕೂತಾಗ ಆಯ್ತದಾ?"

ಲಿಂಗಯ್ಯ ಮೆಲ್ಲಗೆ ಏಣಿಯಿಂದ ಇಳಿದರು. ಇಷ್ಟು ವರ್ಷ ಅವರು ನೋಡಿದ್ದ ಯಂತ್ರಗಳೆಲ್ಲ ನೀರನ್ನು ಹುಡುಕಿ ಎಳೆಯುವಂಥವು. ನೀರು ಇಳಿಯಿತೆಂದರೆ ಎಲ್ಲರ ಎದೆಯೂ ಇಳಿಯುತ್ತಿತ್ತು. ನೀರು ಬೇಡವೆಂದು, ನೀರು ಕಂಡರೆ ನಿಲ್ಲಬೇಕೆಂದು ಒಂದು ಯಂತ್ರ ಇರಬಹುದೆಂದು ಈ ಸೀಮೆಯಲ್ಲಿ ಯಾರಿಗಾದರೂ ಹೊಳೆಯುತ್ತದೆಯೇ? ಬುರುಡೆಯನ್ನು ಕಂಪನಿಯವರು ಸರಿಯಾಗಿಯೇ ಹಾಕಿದ್ದರು. ಅವರು ಸರಿಯಾಗಿದ್ದದ್ದೇ ಲಿಂಗಯ್ಯನವರಿಗೆ ಇನ್ನೂ ಅಸಹ್ಯವಾಯಿತು.

ಮತ್ತೆ ಏಣಿ ಹತ್ತಬೇಕು ಎಂದುಕೊಳ್ಳುವಷ್ಟರಲ್ಲಿ ಗೇಟು ಕಿರ್ರೆಂದಿತು. ಕಪ್ಪು ಕನ್ನಡಕ ತಲೆಯ ಮೇಲೇರಿಸಿಕೊಂಡು ಮುಕರ್ರಂ ಬಂದ. ಎ.ಸಿ. ರಿಪೇರಿಯವನು ಎನ್ನುವುದಕ್ಕಿಂತ ಎ.ಸಿ.ಯನ್ನು ಕಂಡುಹಿಡಿದವನೆಂಬ ಗತ್ತು. ಏಣಿಯನ್ನೂ ಲಿಂಗಯ್ಯನವರನ್ನೂ ಒಂದೇ ನೋಟದಲ್ಲಿ ಅಳೆದು, ಹತ್ತಿ, ಟಾರ್ಚು ಬಿಟ್ಟು ಇಣುಕಿದ.

"ಮೇಡಂ, ತಟ್ಟೆ ತುಂಬಾ ನೀರು ನಿಂತದೆ, ಮೆಷಿನ್ ಓಡ್ತಾ ಅದೆ. ಬುರುಡೆ ಉಲ್ಟಾ ಆಗದೆ. ಯಾರು ಮುಟ್ಟಿದ್ದು ಇದನ್ನ?"

ರೂಪ ಅಪ್ಪನ ಕಡೆ ನೋಡಲಿಲ್ಲ. "ಡಬ್ಬಿಯಿಂದ ತೆಗೆದಾಗ್ಲೇ ಹಂಗಿತ್ತೇನೋ. ಅಪ್ಪ ಬರೀ ವೈರು ಕೂಡಿಸಿದ್ರು" ಎಂದಳು.

"ಹಂಗಾದ್ರೆ ಕಂಪ್ನಿಯೋರಿಗೆ ಇವತ್ತೇ ಫೋನ್ ಹಾಕ್ತೀನಿ. ಯಾವನೋ ದಡ್ಡ ನನ್ಮಗ ಕೂತ್ಕೊಂಡು ಮಾಡವ್ನೆ."

ಸುಮ್ಮನಿದ್ದಿದ್ದರೆ ಮಹಡಿಯ ರೂಮು ಕೈಯಲ್ಲಿತ್ತು. ಮಗಳು ಮಾನ ಉಳಿಸಿಕೊಟ್ಟಿದ್ದಳು, ಬೀಗಿತ್ತಿಯೂ ಯಾಕೋ ಬಾಯಿ ಬಿಡದೆ ಕೂತಿದ್ದರು. ಆದರೆ ಲಿಂಗಯ್ಯನವರ ಕಿವಿ ಕೆಂಪಾಗತೊಡಗಿತ್ತು. ದಡ್ಡ ಎಂದದ್ದು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ತಾವು ಅಷ್ಟು ತಲೆ ಓಡಿಸಿ ಮಾಡಿದ ಕೆಲಸವನ್ನು ಯಾವನೋ ಊರು ಕೇರಿ ಗೊತ್ತಿಲ್ಲದವನ ಲೆಕ್ಕಕ್ಕೆ ಬರೆಯುತ್ತಿದ್ದಾರಲ್ಲ. ಮಗಳು ತಮಗಾಗಿ ಸುಳ್ಳಾಡುವಂತಾಯಿತಲ್ಲ.

"ಲೇ, ಇಳಿಯಯ್ಯ ಕೆಳೀಕೆ" ಎಂದರು. "ಕಂಪ್ನಿಯೋನಿಗೆ ಯಾಕ್ ಬೈತೀಯ? ತಿರುಗ್ಸಿದ್ದು ನಾನು. ಈ ಕೈಯಲ್ಲೇ. ತೊಟ್ಟಿಗೆ ಕಟ್ಟಾ ಹಂಗೆ ಕಟ್ಟಿದೆ. ತೊಟ್ಟಿಗೆ ಅದು ಸರಿ, ಇದಕ್ಕೆ ತಪ್ಪು. ಗೊತ್ತಿರ್ನಿಲ್ಲ. ನನ್ ಮಗಳು ಹೇಳಾಕ್ ಬಂದ್ಲು, ನಾನು ಕೇಳ್ನಿಲ್ಲ. ಇನ್ನೇನ್ ಬೇಕು ನಿಂಗೆ?"

ಮುಕರ್ರಂ ಏಣಿಯ ಮೇಲೆಯೇ ತಬ್ಬಿಬ್ಬಾದ. ಬೈಗುಳವೋ ತಪ್ಪೊಪ್ಪಿಗೆಯೋ ತಿಳಿಯಲಿಲ್ಲ. "ಇಲ್ಲ ಯಜಮಾನ್ರೆ, ನಾನೇನ್ ಕೇಳ್ನಿಲ್ವಲ್ಲ" ಎಂದ.

"ವೈರು ಕೂಡ್ಸಿರೋದು ನೋಡು. ಎಳ್ದು ನೋಡು."

ಮುಕರ್ರಂ ಎಳೆದ. ಜೋರಾಗಿಯೇ ಎಳೆದ, ಬಿಟ್ಟು ಬಂದಿದ್ದರೆ ಅವನಿಗೂ ಸಂತೋಷವಾಗುತ್ತಿತ್ತು. ಬರಲಿಲ್ಲ. "ಗಟ್ಟಿ ಅದೆ" ಎಂದು ಒಪ್ಪಿಕೊಂಡ. ಬುರುಡೆಗೆ ಕೈ ಹಾಕಲು ಹೋದವನನ್ನು ಲಿಂಗಯ್ಯ ಕಾಲು ಹಿಡಿದು ತಡೆದರು. ಹಾಕಿದವನೇ ತೆಗೆಯಬೇಕೆಂದರು. ಮೇನ್ ಮತ್ತೆ ಆಫಾಯಿತು. ಮುಕರ್ರಂ ಇಳಿದ, ಲಿಂಗಯ್ಯ ಹತ್ತಿದರು, ತಟ್ಟೆಯ ನೀರನ್ನು ಬಟ್ಟೆಯಿಂದ ಒರೆಸಿ ಹಿಂಡಿದರು, ಕ್ಲಿಪ್ಪು ಬಿಚ್ಚಿ ಬುರುಡೆಯನ್ನು ಮೊದಲಿನಂತೆ ತಿರುಗಿಸಿದರು. ಮೇನ್ ಹಾಕಿ ಗುಂಡಿ ಒತ್ತಿದರೆ ಒಣ ತಟ್ಟೆಯಲ್ಲೇ ಯಂತ್ರ ಎದ್ದಿತು. ಅದೇ ಚೊಂಬಿನಲ್ಲಿ ನೀರು ಸುರಿದರು. ಯಂತ್ರ ಗಪ್ಪನೆ ನಿಂತಿತು. ಓಡುವ ಯಂತ್ರ ನಿಂತದ್ದಕ್ಕೆ ತಲೆದೂಗಬೇಕಾದ ಸಂದರ್ಭ ಲಿಂಗಯ್ಯನವರಿಗೆ ಹಿಂದೆಂದೂ ಬಂದಿರಲಿಲ್ಲ. ಕಷ್ಟಪಟ್ಟು ತಲೆದೂಗಿದರು.

ಚೀಲ ಕಟ್ಟಿಕೊಂಡು ಯಾರ ಮುಖವನ್ನೂ ನೋಡದೆ ಹೊರಟವರನ್ನು ರೂಪ ಬಾಗಿಲಲ್ಲಿ ತಡೆದಳು.

"ಎಲ್ಲಿಗೆ? ಊಟ ಮಾಡ್ಕೊಂಡು ಹೋಗು. ಮಹಡಿ ರೂಮಿನ ವೈರಿಂಗು ನೀನೇ ಮಾಡಪ್ಪ. ಇವರಿಗೆ ನಾನು ಹೇಳ್ತೀನಿ, ನಡೆದದ್ದು ನಡೆದ ಹಂಗೇ ಹೇಳ್ತೀನಿ." ಅವರ ಕೈಯಿಂದ ಚೀಲ ತೆಗೆದುಕೊಂಡು, "ಆದ್ರೆ ಆ ರೂಮಿಗೆ ಎ.ಸಿ. ಬೇಡ. ಫ್ಯಾನು ಸಾಕು" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಮೊದಲ ಮಾತು ಹಿಡಿದುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಲಿಂಗಯ್ಯ ಹಿಡಿದದ್ದು ಕೊನೆಯ ಮಾತನ್ನು.

"ಯಾಕ್ ಬ್ಯಾಡ? ನಂಗೆ ಬರಾಕಿಲ್ಲ ಅಂತವಾ? ಹಾಕುಸ್ಕೊ ಎ.ಸಿ.ನ. ಪೈಪು ಗೀಪು ಇವ್ನು ನೋಡ್ಕತ್ತಾನೆ, ವೈರು ನಾನು ನೋಡ್ಕತ್ತೀನಿ. ಏನ್ಲಾ, ಬತ್ತೀಯೋ ಇಲ್ವೋ?"

ಮುಕರ್ರಂ ಬರುತ್ತೇನೆಂದು ತಲೆಯಾಡಿಸಿದ. ಬರುವುದಿಲ್ಲ ಎನ್ನುವ ಧೈರ್ಯ ಇರಲಿಲ್ಲ.

"ಇಬ್ರೂ ಬರ್ರಪ್ಪ, ಚೆನ್ನಾಗಿ ಮಾಡ್ಕೊಡಿ" ಎಂದರು ಶಿವನಂಜಮ್ಮ, ಹುಣಸೆಹಣ್ಣನ್ನು ಮತ್ತೆ ಮಡಿಲಿಗೆಳೆದುಕೊಳ್ಳುತ್ತಾ. "ಯಾವತ್ತು ಅಂತ ಮಾತ್ರ ನಂಗೆ ಮುಂಚೇನೆ ಹೇಳ್ಬುಡಿ. ಅವತ್ತು ನಾನು ಮಳವಳ್ಳೀಲೇ ಇರ್ತೀನಿ."