ಹೇಳಿದ್ದನ್ನಷ್ಟೇ ಹೇಳುವ ಕೆಲಸ

ವಿಶಾಖಪಟ್ಟಣದ ಆ ಆಫೀಸಿನಲ್ಲಿ ನನ್ನ ಹುದ್ದೆ ಕೋಆರ್ಡಿನೇಟರ್. ಕಂಪನಿಗಳನ್ನು ಮಾರಿಸುವುದು, ಕೊಳ್ಳಿಸುವುದು, ಅವಕ್ಕೆ ಬಂಡವಾಳ ಹೊಂದಿಸಿಕೊಡುವುದು ನಮ್ಮ ಸಂಸ್ಥೆಯ ವ್ಯವಹಾರ. ಮುಖ್ಯ ಕಚೇರಿ ಮುಂಬೈಯಲ್ಲಿತ್ತು, ನಮ್ಮದು ಬೆರಳೆಣಿಕೆಯ ಜನರಿದ್ದ ಶಾಖೆ. ಲೆಕ್ಕಾಚಾರ ಮಾಡುವವರು ಅನಾಲಿಸ್ಟುಗಳು. ಅವರಿಗೆ ಕಾರು, ರೈಲು ಟಿಕೆಟ್ಟು, ಮೀಟಿಂಗ್ ರೂಮು ಹೊಂದಿಸುವವಳು, ಕಾಗದಪತ್ರ ಸ್ಕ್ಯಾನ್ ಮಾಡುವವಳು ನಾನು. ಇಂಥದೇ ಸಂಸ್ಥೆಗಳಲ್ಲಿ ಅನಾಲಿಸ್ಟ್ ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. ನಾನು ಎಂಬಿಎ ಓದಿದ ಕಾಲೇಜಿನ ಹೆಸರನ್ನು ಮುಂಬೈಯಲ್ಲಿ ಯಾರೂ ಕೇಳಿರಲಿಲ್ಲ. ಇಲ್ಲಿ ಕೋಆರ್ಡಿನೇಟರ್ ಬೇಕಾಗಿದ್ದಾರೆ ಎಂದು ಗೊತ್ತಾದಾಗ, ಹೇಗಾದರೂ ಒಳಗೆ ಕಾಲಿಟ್ಟರೆ ಸಾಕು ಎಂದು ಸೇರಿಬಿಟ್ಟೆ.

ಅಪ್ಪ ಧಾರವಾಡದ ಕಡೆಯವರು. ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಬಂದು ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ ನೆಲೆ ನಿಂತವರು. ನಾನು ಅಲ್ಲೇ ಹುಟ್ಟಿ ಬೆಳೆದವಳು. ಹೊರಗೆ ತೆಲುಗು, ಮನೆಯೊಳಗೆ ಮಾತ್ರ ಕನ್ನಡ.

"ಎಂಬಿಎ ಓದಿ ಮಂದಿಗೆ ಟಿಕೆಟ್ ತೆಗಸೂ ಕೆಲಸ ಮಾಡ್ತಿಯೇನವಾ?" ಎಂದರು ಅಪ್ಪ.

"ಅಲ್ಲೆ ಒಳಗ ಹೋದ್ರ ಮುಂದಿಂದು ನೋಡಬೌದಪ್ಪಾ."

"ಒಳಗ ಹೋಗೂದು ಬ್ಯಾರೆ, ಒಳಗಿನಾಕಿ ಆಗೂದು ಬ್ಯಾರೆ," ಎಂದು ಅವರು ಪೇಪರು ಮಡಚಿಟ್ಟರು.

ಅವರ ಮಾತು ಸುಳ್ಳಾಗಿರಲಿಲ್ಲ. ಭಾನುವಾರಗಳಲ್ಲಿ ಮುಗಿದ ವ್ಯವಹಾರಗಳ ಎಕ್ಸೆಲ್ ಹಾಳೆಗಳನ್ನು ಎದುರಿಗಿಟ್ಟುಕೊಂಡು, ಒಂದು ಕಂಪನಿಯ ಬೆಲೆ ಹೇಗೆ ಕಟ್ಟುತ್ತಾರೆ ಎಂದು ನನ್ನಷ್ಟಕ್ಕೆ ಮಾಡಿ ನೋಡುತ್ತಿದ್ದೆ. ಆದರೆ ಸೋಮವಾರ ಬಂತೆಂದರೆ ಮತ್ತೆ ಕ್ಯಾಬ್ ಡ್ರೈವರುಗಳ ಫೋನು.

ನಾವೆಲ್ಲ ಮೇಡಂ ಎನ್ನುತ್ತಿದ್ದ ನಮ್ಮ ಶಾಖೆಯ ಮುಖ್ಯಸ್ಥೆಯನ್ನು ಮುಂಬೈಯಿಂದ ಕಳಿಸಿದ್ದರು. ಮೈಸೂರಿನವರು. ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿದ್ದಂದಿನಿಂದ ನನ್ನೊಡನೆ ಕನ್ನಡದಲ್ಲೇ ಮಾತಾಡತೊಡಗಿದರು. ಒಮ್ಮೆ ಧೈರ್ಯ ಮಾಡಿ ನನ್ನ ಆಸೆ ಹೇಳಿಕೊಂಡೆ. ಅವರು ನಗಲಿಲ್ಲ, ಭರವಸೆಯನ್ನೂ ಕೊಡಲಿಲ್ಲ. "ಈ ಡೀಲ್ ಮುಗೀಲಿ, ನೋಡೋಣ," ಎಂದರು.

ಆ ಡೀಲ್ ನಮ್ಮ ಊರಾಚೆಯ ಪರವಾಡದ ಒಂದು ಔಷಧ ಕಾರ್ಖಾನೆಯದು. ಅದನ್ನು ಕಟ್ಟಿದ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅವರು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿದ್ದರು, ಕಾರ್ಖಾನೆಯನ್ನು ಮಗ ನಡೆಸುತ್ತಿದ್ದ. ಮಾರಬೇಕೆಂದು ಹೊರಟವನು ಮಗ. ಆದರೆ ಹೆಚ್ಚಿನ ಷೇರುಗಳು ತಂದೆಯ ಹೆಸರಿನಲ್ಲಿದ್ದುದರಿಂದ ಅವರ ಸಹಿಯಿಲ್ಲದೆ ಏನೂ ಆಗುವಂತಿರಲಿಲ್ಲ. ಮಾರುವವರ ಪರವಾಗಿ ಗಿರಾಕಿ ಹುಡುಕಿ ಬೆಲೆ ಕುದುರಿಸುವುದು ನಮ್ಮ ಹೊಣೆ.

ಕೊಳ್ಳುವವರು ಕಾರ್ಖಾನೆ ನೋಡಲು ಬಂದ ದಿನ ನಾನು ಹೆಲ್ಮೆಟ್ ಹಂಚಲು ಹೋಗಿದ್ದೆ. ಹಳೆಯ ಬ್ಲಾಕಿನ ಮುಂದೆ ನಿಂತು ಅವರ ಎಂಜಿನಿಯರ್ ಇಂಗ್ಲಿಷಿನಲ್ಲಿ ಹೇಳಿದ: "ಇದನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕೈಗೆ ಬಂದ ಕೂಡಲೇ ಮುಚ್ಚಿ ಗೋಡೌನ್ ಮಾಡುತ್ತೇವೆ." ಮಗ ತಲೆಯಾಡಿಸಿದ. ಮೇಡಂ ಬರೆದುಕೊಂಡರು. ಅಷ್ಟರಲ್ಲಿ ಶಿಫ್ಟ್ ಬಸ್ಸು ಬಂದು ನಿಂತಿತು. ಇಳಿದವರು ಟಿಫಿನ್ ಡಬ್ಬಿ ಹಿಡಿದುಕೊಂಡು ನಮ್ಮ ಪಕ್ಕದಿಂದಲೇ ಆ ಬ್ಲಾಕಿನೊಳಗೆ ಹೋದರು. ನಾವು ಅವರಿಗೆ ದಾರಿ ಬಿಟ್ಟು ನಿಂತೆವು.

ಸಹಿಗೆ ನಿಗದಿಯಾದದ್ದು ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ವಕೀಲರ ಆಫೀಸು. ನಾನು, ಮೇಡಂ ಹಿಂದಿನ ದಿನವೇ ಹೋಗಿದ್ದೆವು. ಬೆಳಿಗ್ಗೆ ಕೊಳ್ಳುವವರು ಬಂದರು, ಮಗ ಬಂದ, ವಕೀಲರು ಕಾಗದ ಜೋಡಿಸಿಟ್ಟರು. ಯಜಮಾನರು ಬರಲಿಲ್ಲ. ಫೋನ್ ಸ್ವಿಚ್ ಆಫ್. ಕೆಳಗೆ ಹಾರ್ನುಗಳ ಗದ್ದಲ, ಒಳಗೆ ಎಸಿಯ ಸದ್ದು. ಸಂಜೆಯ ವಿಮಾನಕ್ಕೆ ಹೊರಡಬೇಕಿದ್ದ ಕೊಳ್ಳುವವರ ಮುಖಂಡ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದ.

ಮೇಡಂ ನನ್ನನ್ನು ಹೊರಗೆ ಕರೆದರು. "ನಡಿ, ಅವರ ಮನೆಗೇ ಹೋಗಿಬಿಡೋಣ. ನೀನು ತೆಲುಗಲ್ಲಿ ಹೇಳು."

"ಮಗನ್ನ ಕರಕೊಂಡು ಹೋಗೂದಿಲ್ಲೇನ್ರಿ?"

"ಬೇಡ. ಅವನ ಹತ್ರ ಮಾತಾಡೋಕೆ ಇಷ್ಟ ಇಲ್ದೆ ತಾನೆ ಫೋನ್ ಆಫ್ ಮಾಡಿರೋದು?"

ಸಿಗ್ನಲ್ ದಾಟಿ ಹೈದರಾಬಾದ್ ರಸ್ತೆಗೆ ಬಿದ್ದ ಮೇಲೆ ಅವರೇ ಮಾತೆತ್ತಿದರು. "ಇವತ್ತು ಸಹಿ ಆಗ್ಲಿ, ನಿನ್ನ ವಿಷಯ ನಾನೇ ಮುಂಬೈಗೆ ಹೇಳ್ತೀನಿ. ಆದ್ರೆ ಒಂದು ಮಾತು. ನಾನು ಹೇಳಿದ್ದನ್ನಷ್ಟೇ ಹೇಳು. ನಿಂದೇನೂ ಸೇರಿಸ್ಬೇಡ."

ನಾನು ಹೂಂ ಎಂದೆ. ಇಷ್ಟು ದಿನ ಕಾದ ಬಾಗಿಲು ಇಂದೇ ತೆರೆಯಬಹುದು.

ಯಜಮಾನರು ಜಗಲಿಯಲ್ಲೇ ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಜೇಬಿನಲ್ಲಿ ಪೆನ್ನು. ಹೊರಡಲೆಂದು ಸಿದ್ಧರಾದವರು ಹೊರಡದೆ ಉಳಿದುಬಿಟ್ಟಿದ್ದರು. ಮನೆಯ ಹಿಂದೆ ವಿದ್ಯುತ್ ಸ್ಥಾವರದ ಚಿಮಣಿಗಳು. ನಮ್ಮನ್ನು ಕೂರಿಸಿ ಮಜ್ಜಿಗೆ ತರಿಸಿದರು. ಆಮೇಲೆ ನನ್ನ ಕಡೆಗೇ ತಿರುಗಿ ತೆಲುಗಿನಲ್ಲಿ ಕೇಳಿದರು.

"ನೋಡಮ್ಮಾ, ನನ್ನ ಮಗ ಎಲ್ಲ ಹಾಗೆಯೇ ಇರುತ್ತದೆ ಅನ್ನುತ್ತಾನೆ. ನಿನ್ನೆ ಹಳೇ ಬ್ಲಾಕಿನ ಒಬ್ಬ ಫೋನ್ ಮಾಡಿ, ನಮ್ಮನ್ನು ತೆಗೆಯುತ್ತಾರಂತೆ, ನಿಜವೇ ಅಂತ ಕೇಳಿದ. ಅವನಿಗೆ ಏನು ಹೇಳಲಿ? ಅದನ್ನು ಮುಚ್ಚುತ್ತಾರಾ? ನಿಮ್ಮ ಮೇಡಂನ ಕೇಳು."

ನಾನು ಕನ್ನಡದಲ್ಲಿ ಹೇಳಿದೆ. ಮೇಡಂ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು. ಮಗ ತಂದೆಗೆ ಹೇಳಿರುತ್ತಾನೆ ಎಂದೇ ಅವರು ನಂಬಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು. "ಅದೆಲ್ಲ ಸಹಿ ಆದ್ಮೇಲೆ ಕೂತು ಮಾತಾಡೋಣ ಅಂತ ಹೇಳು," ಎಂದರು.

"ಮೇಡಂ, ಅವ್ರು ಕೇಳಿದ್ದು ಮುಚ್ತಾರೋ ಇಲ್ಲೋ ಅಂತ್ರಿ."

"ಗೊತ್ತು. ನಾನು ಹೇಳಿದ್ದನ್ನ ಹೇಳು."

ಆ ಮಾತಿಗೆ ಸಕ್ಕರೆ ಹಚ್ಚುವುದು ಕಷ್ಟವಿರಲಿಲ್ಲ. "ಗಾಬರಿ ಬೇಡಿ, ಎಲ್ಲ ಸರಿಹೋಗುತ್ತದೆ" ಎಂದು ಮುಂದೊಂದು ವಾಕ್ಯ ಸೇರಿಸಿದ್ದರೆ ಅವರು ಬಹುಶಃ ಎದ್ದು ಕಾರು ಹತ್ತುತ್ತಿದ್ದರು. ನನಗೂ ಅವರು ಕಾರು ಹತ್ತುವುದೇ ಬೇಕಾಗಿತ್ತು. ಆದರೆ ಟಿಫಿನ್ ಡಬ್ಬಿ ಹಿಡಿದು ಒಳಗೆ ಹೋದವರನ್ನು ನಾನು ಕಣ್ಣಾರೆ ನೋಡಿದ್ದೆ. ಮೇಡಂ ಹೇಳಿದ್ದನ್ನು ಹಾಗೆಯೇ, ಒಂದು ಪದ ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ ಹೇಳಿದೆ: "ಅದರ ಬಗ್ಗೆ ಸಹಿಯಾದ ಮೇಲೆ ಮಾತಾಡೋಣ ಅನ್ನುತ್ತಿದ್ದಾರೆ."

ಯಜಮಾನರು ನನ್ನನ್ನೇ ನೋಡಿದರು. "ಹಾಗಾದರೆ ಮುಚ್ಚುತ್ತಾರೆ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಏನಂದ್ರು?" ಎಂದರು ಮೇಡಂ.

"ಅವ್ರಿಗೆ ತಿಳೀತ್ರಿ."

ಮೇಡಂ ಅವರ ಫೋನು ಅದುರುತ್ತಲೇ ಇತ್ತು. ಕೊನೆಗೆ ಅದನ್ನು ಬೋರಲು ಹಾಕಿ ಕುರ್ಚಿಯನ್ನು ಯಜಮಾನರ ಹತ್ತಿರಕ್ಕೆ ಎಳೆದುಕೊಂಡರು. "ಈಗ ನಾನು ಹೇಳೋದನ್ನ ನಿಧಾನವಾಗಿ, ಪೂರ್ತಿ ಹೇಳು," ಎಂದು, ಪರವಾಡದಲ್ಲಿ ಆ ಎಂಜಿನಿಯರ್ ಆಡಿದ್ದನ್ನೆಲ್ಲ ಹೇಳಿದರು. ಇದನ್ನು ನಿಮಗೆ ಮೊದಲೇ ಖುದ್ದಾಗಿ ತಿಳಿಸಬೇಕಿತ್ತು ಎಂದೂ ಸೇರಿಸಿದರು. ಎಲ್ಲವನ್ನೂ ನಾನು ತೆಲುಗಿಗೆ ತಂದೆ.

ಯಜಮಾನರು ಸಹಿ ಮಾಡಲಿಲ್ಲ. "ಮಾರುವುದಿಲ್ಲ ಅನ್ನುತ್ತಿಲ್ಲ. ಅಲ್ಲಿರುವವರಿಗೆ ಹೊಸ ಬ್ಲಾಕಿನಲ್ಲಿ ಜಾಗ ಕೊಡುತ್ತೇವೆ ಎಂದು ಕರಾರಿನಲ್ಲಿ ಬರೆದುಕೊಡಲಿ, ಆಮೇಲೆ ಕರೆಯಿರಿ," ಎಂದರು.

ನಾವು ವಾಪಸು ಬಂದು ವಿಷಯ ತಿಳಿಸುತ್ತಿದ್ದಂತೆ ಕೊಳ್ಳುವವರು ಎದ್ದು ಏರ್‌ಪೋರ್ಟಿಗೆ ಹೊರಟರು. ಕಾರಿಡಾರಿನಲ್ಲಿ ಮಗ ನನ್ನನ್ನು ಅಡ್ಡಗಟ್ಟಿದ. ತೆಲುಗಿನಲ್ಲಿ ಅವನು ಆಡಿದ್ದು ಕೇಳಿ ಪಕ್ಕದ ರೂಮಿನವರು ಬಾಗಿಲು ತೆರೆದು ನೋಡಿದರು.

"ಏನಂತಿದಾರೆ?" ಎಂದು ಮೇಡಂ ಕೇಳಿದರು.

"ಟಿಕೆಟ್ ತೆಗಸೂ ಹುಡುಗಿ ನನ್ನ ಮನಿತನದಾಗ ಯಾಕ ಬಾಯಿ ಹಾಕಿದಳು, ಇಕಿನ್ನ ಕೆಲಸದಿಂದ ತಗೀರಿ ಅಂತಾರ್ರಿ."

ಮೇಡಂ ಇಂಗ್ಲಿಷಿನಲ್ಲಿ ಅವನಿಗೆ, "ನಿಮ್ಮ ತಂದೆಗೆ ಹೇಳಿದ್ದು ನಾನು. ಅವಳು ದಾಟಿಸಿದ್ದಷ್ಟೆ," ಎಂದರು. ಆದರೆ ವಿಶಾಖಪಟ್ಟಣಕ್ಕೆ ಬರುವ ರೈಲಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತೇ ಇದ್ದರು.

ಅಲ್ಲಿಂದ ಮುಂದಿನ ವಾರಗಳು ಹಿಂಸೆಯಾದವು. ಸಮಜಾಯಿಷಿ ಕೇಳಲು ಮೇಡಂರನ್ನು ಮುಂಬೈಗೆ ಕರೆಸಿಕೊಂಡು ವಾಪಸು ಕಳಿಸಿದರು. ಆಫೀಸಿನಲ್ಲಿ ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ವಿಜಯವಾಡದಲ್ಲಿ ಡೀಲ್ ಕೆಡಿಸಿದ್ದು ನಾನೇ ಎಂದು ಎಲ್ಲರೂ ತಿಳಿದಿದ್ದರು. ಮನೆಯಲ್ಲಿ ಅನ್ನ ಸೇರುತ್ತಿರಲಿಲ್ಲ. ಏನಾಯಿತೆಂದು ಅಪ್ಪನಿಗೆ ಹೇಳಿದೆ. ಅವರು ಬೈಯಲಿಲ್ಲ. "ಕೆಲಸ ಹೋದ್ರ ಹೋತು. ಊಟಾ ಯಾಕ ಬಿಡ್ತಿ?" ಎಂದು ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಕೊಳ್ಳುವವರು ಮತ್ತೆ ಬಂದರು. ಬೆಲೆ ಇಳಿಸಿ, ಕರಾರನ್ನು ಒಪ್ಪಿಕೊಂಡರು. ಹಳೇ ಬ್ಲಾಕಿನ ಹೆಚ್ಚಿನವರು ಹೊಸದಕ್ಕೆ ಹೋದರು. ವಯಸ್ಸಾದ ಕೆಲವರು ಅಲ್ಲಿನ ಯಂತ್ರಗಳು ಒಗ್ಗದೆ ಪರಿಹಾರ ತೆಗೆದುಕೊಂಡು ಕೆಲಸ ಬಿಟ್ಟರು ಎಂದು ಆಮೇಲೆ ಕೇಳಿದೆ. ಸಹಿಯ ದಿನ ಯಜಮಾನರು ಎಲ್ಲರಿಗೂ ಕೈಮುಗಿದು ಹೊರಟುಹೋದರು. ನನ್ನ ಕಡೆ ವಿಶೇಷವಾಗಿ ನೋಡಲೂ ಇಲ್ಲ. ಮಗ ಅವರ ಹಿಂದೆ ದೂರದಲ್ಲಿ ನಡೆಯುತ್ತಿದ್ದ.

ಮೇಡಂ ಕೊಟ್ಟ ಮಾತಿನಂತೆ ನನ್ನ ಹೆಸರನ್ನು ಕಳಿಸಿದ್ದರು. ವಿಡಿಯೋ ಸಂದರ್ಶನದಲ್ಲಿ ಬೆಲೆ ಕಟ್ಟುವುದರ ಬಗ್ಗೆ ಕೇಳಿದ್ದಕ್ಕೆ ತಡವರಿಸುತ್ತಲೇ ಉತ್ತರಿಸಿದೆ. ಕೊನೆಗೆ ಒಬ್ಬರು, "ಅಂದು ನಿಮ್ಮ ಮೇಲಧಿಕಾರಿ ಮನಸ್ಸು ಬದಲಿಸದೆ ಇದ್ದಿದ್ದರೆ ನೀವೇ ಹೇಳಿಬಿಡುತ್ತಿದ್ದಿರಾ?" ಎಂದು ಕೇಳಿದರು.

ಯಾವ ಉತ್ತರ ಅವರಿಗೆ ಬೇಕಾಗಿದೆ ಎಂದು ಹುಡುಕಿದೆ, ಸಿಗಲಿಲ್ಲ. "ಅವರ ಮಾತನ್ನು ಬದಲಿಸುತ್ತಿರಲಿಲ್ಲ," ಎಂದೆ. "ಆದರೆ ನಮ್ಮ ಕ್ಲೈಂಟ್ ಆ ಯಜಮಾನರೇ. ನೀನು ಏನು ನೋಡಿದೆ ಎಂದು ನನ್ನನ್ನೇ ಕೇಳಿದ್ದರೆ, ಏನೂ ಇಲ್ಲ ಅನ್ನಲು ನನ್ನಿಂದ ಆಗುತ್ತಿರಲಿಲ್ಲ." ಥ್ಯಾಂಕ್ಯೂ ಎಂದು ಕರೆ ಮುಗಿಸಿದರು.

ಉತ್ತರ ಬರಲು ತಿಂಗಳು ಹಿಡಿಯಿತು. ಆರು ತಿಂಗಳ ಪರೀಕ್ಷಾ ಅವಧಿಗೆ ಅನಾಲಿಸ್ಟ್, ಸಂಬಳ ಮೊದಲಿನಷ್ಟೇ. ಮೊದಲ ವಾರವೇ ಒಂದು ಸೀಗಡಿ ರಫ್ತು ಕಂಪನಿಯ ಲೆಕ್ಕ ನನ್ನ ಮೇಜಿಗೆ ಬಂತು. ಅದೇ ದಿನ ಮಧ್ಯಾಹ್ನದೊಳಗೆ ಅದರಲ್ಲಿ ಒಂದು ತಪ್ಪು ಮಾಡಿದೆ. ಮೇಡಂ ಆ ಸಾಲಿನ ಕೆಳಗೆ ಗೆರೆ ಎಳೆದು ಹಾಳೆಯನ್ನು ಹಿಂದಕ್ಕೆ ಕೊಟ್ಟರು. ನಾನು ಕುರ್ಚಿ ಎಳೆದುಕೊಂಡು ಮೊದಲಿನಿಂದ ಶುರು ಮಾಡಿದೆ.