ಯಜಮಾನರ ಹೆಸರು

ಡ್ರಾಯಿಂಗ್ ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಭಾನುವಾರ ಮಧ್ಯಾಹ್ನ ಮದ್ದೂರಿನಲ್ಲಿ ಬಸ್ಸು ಹತ್ತಿ ಮಳವಳ್ಳಿಯ ಮಾರುಕಟ್ಟೆಗೆ ಹೋಗುವುದು, ತಗಡಿನ ಶೆಡ್ಡಿನ ಕೆಳಗೆ ಚಾಪೆ ಹಾಸುವುದು, ಅಲ್ಲಿ ವ್ಯಾಪಾರ ಮಾಡುವ ಮನೆಮಂದಿಗೆಲ್ಲ ಚಿತ್ರ ಹೇಳಿಕೊಡುವುದು. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ಹೆಂಡತಿ ಗೊಣಗುತ್ತಿದ್ದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ನನ್ನ ಹತ್ತಿರ ಓದಿದ ಮಕ್ಕಳಿಗೆಲ್ಲ ಗೊತ್ತು. ಇದನ್ನೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮೊದಲ ಮೂರು ಭಾನುವಾರ ಚಾಪೆಯ ಮೇಲೆ ನಾನೊಬ್ಬನೇ. ‘ಕುಟುಂಬ ಸಮೇತ ಬನ್ನಿ, ಚಿತ್ರ ಬರೆಯಿರಿ’ ಎಂದು ದೊಡ್ಡದಾಗಿ ಬೋರ್ಡು ಬರೆದು ನೇತುಹಾಕಿದ್ದೆ. ಜನ ಅದನ್ನು ನೋಡಿ, ನನ್ನನ್ನು ನೋಡಿ, ಬದನೆಕಾಯಿ ಕೊಂಡು ಹೋಗುತ್ತಿದ್ದರು. ಇವರಿಗೆ ಕಲೆಯ ಗಂಧವೇ ಇಲ್ಲ ಎಂದು ಬೈದುಕೊಂಡೆ. ಮೂರನೆಯ ಭಾನುವಾರ ತಡೆಯಲಾರದೆ, ಶೆಡ್ಡಿನ ಕಂಬದ ಪಕ್ಕ ಸೊಪ್ಪು ಮಾರುವ ಹೆಂಗಸನ್ನು ಕೇಳಿಯೇಬಿಟ್ಟೆ.

“ಯಾಕಮ್ಮ, ಒಂದು ಚಿತ್ರ ಬರೆಯೋಕೆ ಏನು ಕಷ್ಟ ನಿಮಗೆ?”

“ನಮ್ಗೆ ಬರಿಯಾಕೆ ಬರಾಕಿಲ್ಲ ಮೇಷ್ಟ್ರೆ. ಎಬ್ಬೆಟ್ಟು.”

ಹಾಗೆ ಹೇಳಿದ ಆಕೆಯ ಬುಟ್ಟಿಯ ಮುಂದೆ, ನೀರು ಚಿಮುಕಿಸಿದ ನೆಲದಲ್ಲಿ, ಅಂಗೈಯಗಲದ ರಂಗೋಲಿಯಿತ್ತು. ಒಂದೇ ಎಳೆ, ಎಲ್ಲೂ ಕಡಿದಿರಲಿಲ್ಲ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನ್ನ ಕೈಗೂ ಅಂಥ ಗೆರೆ ಬರುವುದಿಲ್ಲ.

“ಮತ್ತೆ ಇದನ್ನ ಬರೆದೋರು ಯಾರು?”

“ಇದಾ? ಇದು ಬರಿಯೋದಲ್ಲ ಕಣಿ. ರಂಗೋಲೆ ಬುಡೋದು.”

ನನ್ನ ಬೋರ್ಡೇ ಜನರನ್ನು ಓಡಿಸುತ್ತಿತ್ತು. ಬರೆಯುವುದು ಎಂದರೆ ಅವರಿಗೆ ಸ್ಲೇಟು, ಪರೀಕ್ಷೆ, ಕಚೇರಿಯ ಅರ್ಜಿ. ಬರದಿದ್ದರೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಾದದ್ದು. ಮುಂದಿನ ವಾರ ಬೋರ್ಡು ಬದಲಿಸಿದೆ. ‘ಬಣ್ಣ ಬಿಡೋಣ ಬನ್ನಿ’ ಎಂದಿಷ್ಟೇ. ಸೊಪ್ಪಿನಮ್ಮ ಮೊದಲು ಬಂದರು. ಹಿಂದೆಯೇ ಬಾಳೆಎಲೆ ಮಾರುವಾಕೆ ಸೊಸೆಯನ್ನೂ ಮೊಮ್ಮಗಳನ್ನೂ ಕರೆತಂದರು. ತಿಂಗಳೊಳಗೆ ಒಂಬತ್ತು ಮನೆಯವರು ಕೂರತೊಡಗಿದರು. ಗಂಡಸರು ದೂರದಲ್ಲಿ ಬೀಡಿ ಸೇದುತ್ತಾ ನಿಂತು, “ಏನ್ಲಾ ಇದು, ಮುದುಕೀರ್ಗೆಲ್ಲ ಇಸ್ಕೂಲು” ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ.

ಮಾರುಕಟ್ಟೆಯ ಅಂಗಡಿಯವರಿಗೆ ಒಂದು ಸಂಘವಿತ್ತು. ಅದರ ಅಧ್ಯಕ್ಷರು ಒಂದು ದಿನ ಬಂದು ನೋಡಿ, ಶೆಡ್ಡಿನ ಹಿಂಗೋಡೆಯನ್ನು ನಮಗೆ ಬಿಟ್ಟುಕೊಟ್ಟರು. ಒಂದೊಂದು ಮನೆಗೆ ಒಂದೊಂದು ಚಿತ್ರ, ಕೆಳಗೆ ಹೆಸರು, ಕೊನೆಗೊಂದು ಸಮಾರಂಭ. ಸೊಪ್ಪಿನಮ್ಮ ತಮ್ಮ ಪಾಲಿನ ಗೋಡೆಯಲ್ಲಿ ಹಸೆ ತೆಗೆಯುತ್ತೇನೆ ಎಂದರು, ಮದುವೆಮನೆಯಲ್ಲಿ ಹೆಣ್ಣುಗಂಡನ್ನು ಕೂರಿಸುವ ಜಾಗದಲ್ಲಿ ಬರೆಯುತ್ತಾರಲ್ಲ, ಅದೇ. ಕೆಮ್ಮಣ್ಣು ಬಳಿದು, ಅದರ ಮೇಲೆ ಸುಣ್ಣದ ಎಳೆ. ನಾನು ಕೊಟ್ಟ ಬ್ರಷ್ಷನ್ನು ಪಕ್ಕಕ್ಕಿಟ್ಟು ಕಡ್ಡಿಗೆ ಬಟ್ಟೆ ಸುತ್ತಿಕೊಂಡು ಐದು ಭಾನುವಾರ ಕೂತರು. ಪ್ರತಿ ಭಾನುವಾರವೂ ಅದೇ ಪ್ರಶ್ನೆ.

“ಕೆಳೀಕೆ ಎಸ್ರು ಆಕ್ತಾರಾ ಮೇಷ್ಟ್ರೆ?”

“ಹಾಕ್ತಾರೆ ಕಣಮ್ಮ, ಎಷ್ಟು ಸಲ ಹೇಳಲಿ?”

“ಅಲ್ಲ, ಅದಿನೆಂಟು ವರ್ಸದಿಂದ ಇಲ್ಲೇ ಕುಂತಿವ್ನಿ. ಅತ್ಲಾಗ್ ಜರುಗು, ಇತ್ಲಾಗ್ ಜರುಗು ಅನ್ನೋರೇ ಎಲ್ಲ. ಗ್ವಾಡೆ ಮ್ಯಾಲೆ ಒಂದ್ ಎಸ್ರಿದ್ರೆ, ಇವ್ಳೂ ಇಲ್ಲಿಯೋಳು ಅಂತಾಯ್ತದೆ.”

ಈ ಹೆಸರೊಂದನ್ನು ಹಾಕಿಸದೆ ಬಿಡುವುದಿಲ್ಲ ಎಂದುಕೊಂಡೆ.

ಸಮಾರಂಭದ ಭಾನುವಾರ ನಾನು ಹೋಗುವಷ್ಟರಲ್ಲಿ ಸಂಘದವರು ಕರೆಸಿದ್ದ ಬೋರ್ಡು ಬರೆಯುವವನು ಕೆಲಸ ಮುಗಿಸಿ ಹೋಗಿದ್ದ. ಒಂಬತ್ತು ಚಿತ್ರಗಳ ಕೆಳಗೆ ಕೆಂಪು ಪೇಂಟಿನಲ್ಲಿ ಒಂಬತ್ತು ಹೆಸರು. ಎಲ್ಲವೂ ಗಂಡಸರದು. ಒಂದು ದಿನವೂ ಚಾಪೆಯ ಮೇಲೆ ಕೂರದ, ಒಂದು ಚುಕ್ಕಿಯನ್ನೂ ಇಡದ ಗಂಡಸರದು. ಬಾಳೆಎಲೆಯಮ್ಮನ ಗಂಡ ಸತ್ತು ನಾಲ್ಕು ವರ್ಷವಾಗಿತ್ತು. ಪುಣ್ಯಾತ್ಮ ಸತ್ತ ಮೇಲೆ ಕಲಾವಿದನಾಗಿದ್ದ. ಹಸೆಯ ಕೆಳಗೆ ಸೊಪ್ಪಿನಮ್ಮನ ಗಂಡನ ಹೆಸರಿತ್ತು. ಮುಂಜಾನೆ ಸೊಪ್ಪಿನ ಮೂಟೆಯನ್ನು ಬಸ್ಸಿಗೆ ಏರಿಸಿ ಮನೆಗೆ ಮರಳುವ ಆ ಮನುಷ್ಯ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ, ತಪ್ಪು ಮಾಡಿದವನ ಹಾಗೆ ಮುದುಡಿಕೊಂಡು. ಅಧ್ಯಕ್ಷರು ಮೈಕಿನಲ್ಲಿ ಅರ್ಧ ಗಂಟೆ ಸ್ತ್ರೀಶಕ್ತಿಯ ಬಗ್ಗೆ ಮಾತನಾಡಿ ಗಂಡಸರನ್ನು ಒಬ್ಬೊಬ್ಬರಾಗಿ ಕರೆದು ಶಾಲು ಹೊದಿಸಿದರು. ಹೆಂಗಸರು ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ನನ್ನ ಮೈಯೆಲ್ಲ ಉರಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತು.

ಶಾಲುಗಳೆಲ್ಲ ಮುಗಿದ ಮೇಲೆ ಅಧ್ಯಕ್ಷರನ್ನು ತಡೆದು ನಿಲ್ಲಿಸಿದೆ. ಬರೆದವರು ಯಾರು, ಹೆಸರು ಯಾರದ್ದು, ನಾಚಿಕೆಯಾಗಬೇಡವೇ ಎಂದು ದನಿಯೆತ್ತಿದೆ. ಮಾರುಕಟ್ಟೆ ತಿರುಗಿ ನೋಡಿತು. ಅವರಿಗೆ ಸಿಟ್ಟು ಬರಲಿಲ್ಲ. ಬ್ಯಾಗಿನಿಂದ ಒಂದು ಕಟ್ಟು ಕಾಗದ ತೆಗೆದು ನನ್ನ ಕೈಗಿಟ್ಟರು.

“ನೋಡ್ಕಳಿ ಮೇಷ್ಟ್ರೆ. ನಿಮ್ ಫಾರಮ್ಮಲ್ಲಿ ಏನಿತ್ತೋ ಅದ್ನೇ ಬರ್ಸಿವ್ನಿ. ಒಂದಕ್ಸರ ಎಚ್ಚಿಲ್ಲ, ಕಮ್ಮಿಯಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದಾಯಿತು. ಒಂಬತ್ತು ಹಾಳೆ, ಒಂಬತ್ತರಲ್ಲೂ ನನ್ನದೇ ದುಂಡು ಅಕ್ಷರ. ರೇಷನ್ ಕಾರ್ಡಿನ ಅರ್ಜಿಯನ್ನು ನೋಡಿಕೊಂಡು, ಹಿಂದುಮುಂದು ಯೋಚಿಸದೆ ನಾನೇ ಗೆರೆ ಎಳೆದ ಕಾಲಂ: ಕುಟುಂಬದ ಯಜಮಾನರ ಹೆಸರು. ಗೋಡೆ ಸಿಕ್ಕ ವಾರ ಚಾಪೆಯ ಮೇಲೆ ಕೂತು ನಾನೇ ಕೇಳಿ ತುಂಬಿಸಿ ಸಂಘಕ್ಕೆ ಕೊಟ್ಟಿದ್ದೆ. ಸೊಪ್ಪಿನಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಾಗ ಬಾಳೆಎಲೆಯಮ್ಮ ನನ್ನ ಕಿವಿಯ ಬಳಿ ಹೇಳಿದ್ದರು. ಎಲ್ಲರ ಜೊತೆ ನಾನೂ ನಕ್ಕು ಬರೆದುಕೊಂಡಿದ್ದೆ. ಕಾಗದದ ಕಟ್ಟನ್ನು ಅಧ್ಯಕ್ಷರ ಕೈಗೇ ವಾಪಸು ಕೊಟ್ಟು ಬಸ್ಸು ಹತ್ತಿದೆ.

ಆದರೂ ಸಿಟ್ಟು ಇಳಿಯಲಿಲ್ಲ. ಫಾರಂ ನನ್ನದೇ ಇರಲಿ, ಒಂಬತ್ತು ಗಂಡಸರ ಹೆಸರು ಬರೆಸುವಾಗ ಒಬ್ಬನ ತಲೆಗಾದರೂ ಹೊಳೆಯಬೇಡವೇ? ಅಂಗಿಗೆ ಇಸ್ತ್ರಿ ಹಾಕಿದವನ ನಾಲಿಗೆಗೇನಾಗಿತ್ತು? ಹೀಗೆ ಊರನ್ನೆಲ್ಲ ಬೈಯುತ್ತಲೇ ಸೋಮವಾರ ಬೆಳಗ್ಗೆ ಬಿಳಿಯದೊಂದು ಕೆಂಪಿನದೊಂದು ಡಬ್ಬಿ ಪೇಂಟು, ಎರಡು ಬ್ರಷ್ಷು ಹಿಡಿದು ಮತ್ತೆ ಮಳವಳ್ಳಿಗೆ ಹೋದೆ. ಅಧ್ಯಕ್ಷರನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಮೊದಲು ಹಸೆಯ ಕೆಳಗಿನ ಹೆಸರಿನ ಮೇಲೆ ಬಿಳಿ ಬಳಿದೆ. ಅದು ಒಣಗಿದ ಮೇಲೆ ಕೆಂಪು ಬಣ್ಣದ ಡಬ್ಬಿ ತೆರೆದು ಬ್ರಷ್ಷು ಅದ್ದಿಕೊಂಡೆ.

ಸೊಪ್ಪಿನಮ್ಮ ಕಂಬದ ಪಕ್ಕ ಕೂತು ದಂಟಿನಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ಆಗಿನಿಂದ ಎಲ್ಲವನ್ನೂ ನೋಡುತ್ತಿದ್ದರು.

“ಇವತ್ತು ನಿಮ್ಮ ಹೆಸರು ಹಾಕದೆ ಹೋಗೋದಿಲ್ಲಮ್ಮ” ಎಂದೆ, ಜಂಬದಿಂದಲೇ.

“ಆಕಿ ಮತ್ತೆ” ಎಂದರು.

ಬ್ರಷ್ಷನ್ನು ಗೋಡೆಗೆ ತಂದೆ. ಕೈ ಅಲ್ಲೇ ನಿಂತಿತು. ಬಣ್ಣದ ಒಂದು ಹನಿ ಚಪ್ಪಲಿಯ ಮೇಲೆ ಬಿತ್ತು. ನಾಲ್ಕು ತಿಂಗಳು ಒಂದೇ ಚಾಪೆಯ ಮೇಲೆ ಕೂತಿದ್ದೆವು, ನಾಲ್ಕು ತಿಂಗಳೂ ನಾನು ಸೊಪ್ಪಿನಮ್ಮ, ಸೊಪ್ಪಿನಮ್ಮ ಎಂದೇ ಕೂಗಿದ್ದೆ.

ಆಕೆ ಕಟ್ಟುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

“ಗೊತ್ತಾ ಮೇಷ್ಟ್ರೆ, ನನ್ನೆಸ್ರು ಏನು ಅಂತ?”